ಮದುವೆ ಮನೆಯಲ್ಲಿ ಕಾಯುವ ಕ್ಯಾಮೆರಾ

ಮದುವೆಯ ಆಲ್ಬಮ್ ತೆರೆದರೆ ಹೆಚ್ಚಾಗಿ ಕಾಣುವುದು ಸಾಲಾಗಿ ನಿಂತ ಜನ. ವೇದಿಕೆಯ ನಡುವೆ ವಧೂವರರು, ಇಕ್ಕೆಲಗಳಲ್ಲಿ ಬಂಧುಗಳು. ಪುಟ ತಿರುವಿದರೆ ಅದೇ ವೇದಿಕೆ, ಅದೇ ನಗು. ಬಂಧುಗಳು ಮಾತ್ರ ಬೇರೆ. ಮದುವೆಗೆ ಯಾರೆಲ್ಲ ಬಂದಿದ್ದರು ಎಂಬುದನ್ನು ಈ ಚಿತ್ರಗಳು ಹೇಳುತ್ತವೆ. ಆ ದಿನ ಏನೆಲ್ಲ ನಡೆಯಿತು ಎಂಬುದನ್ನು ಹೇಳುವುದಿಲ್ಲ. ಹಾಗೆ ನಡೆದದ್ದನ್ನು ನಡೆದಂತೆಯೇ ದಾಖಲಿಸುವ ಕ್ರಮಕ್ಕೆ ಸಾಕ್ಷ್ಯಚಿತ್ರ ಶೈಲಿಯ ಛಾಯಾಗ್ರಹಣ ಎನ್ನುತ್ತಾರೆ.

ಇದರ ಮೂಲ ನಿಯಮ ಸರಳ: ಫೋಟೊಗ್ರಾಫರ್ ಏನನ್ನೂ ಏರ್ಪಡಿಸುವುದಿಲ್ಲ. "ಇಲ್ಲಿ ನೋಡಿ", "ಸ್ವಲ್ಪ ನಗಿ", "ಇನ್ನೊಮ್ಮೆ ಹಾರ ಹಾಕಿ" ಎನ್ನುವುದಿಲ್ಲ. ಎದುರಿಗೆ ನಡೆಯುವುದನ್ನು ಗಮನಿಸುತ್ತಾ ಸರಿಯಾದ ಗಳಿಗೆಗಾಗಿ ಕಾಯುತ್ತಾರೆ. ಕೇಳಲು ಇದು ಸುಲಭದ ಕೆಲಸದಂತಿದೆ. ಆದರೆ ನಿರ್ದೇಶನ ಬಿಟ್ಟಾಗ ಫೋಟೊಗ್ರಾಫರ್‌ನ ಹೊಣೆ ಇಳಿಯುವುದಿಲ್ಲ, ಏರುತ್ತದೆ.

ಈ ಕ್ರಮ ಬಂದದ್ದು ಪತ್ರಿಕಾ ಛಾಯಾಗ್ರಹಣದ ದಾರಿಯಿಂದ. ಮೊದಲ ಕಾಲದ ಕ್ಯಾಮೆರಾಗಳನ್ನು ಸ್ಟ್ಯಾಂಡಿನ ಮೇಲಿಟ್ಟು ಚಿತ್ರ ತೆಗೆಯಬೇಕಿತ್ತು. ಎದುರಿಗಿದ್ದವರು ಅಲುಗಾಡದೆ ನಿಲ್ಲಬೇಕಿತ್ತು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. 35 ಎಂಎಂ ಫಿಲ್ಮ್ ಬಳಸುವ ಆ ಪುಟ್ಟ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಜನರ ನಡುವೆ ನಡೆಯಬಹುದಿತ್ತು. ಫ್ರಾನ್ಸಿನ ಹೆನ್ರಿ ಕಾರ್ಟಿಯರ್ ಬ್ರೆಸ್ಸಾನ್ ಅದನ್ನೇ ಹಿಡಿದು ಬೀದಿ, ಸಂತೆ, ನಿಲ್ದಾಣಗಳ ಬದುಕನ್ನು ಸೆರೆಹಿಡಿದರು. 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರಿನ ಅರ್ಥ 'ನಿರ್ಣಾಯಕ ಕ್ಷಣ'.

ಇದನ್ನು ಮದುವೆ ಮನೆಗೆ ತಂದವರಲ್ಲಿ ಅಮೆರಿಕದ ಡೆನಿಸ್ ರೆಗ್ಗಿ ಪ್ರಮುಖರು. 1996ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗನ ಮದುವೆ ಜಾರ್ಜಿಯಾ ರಾಜ್ಯದ ಕಂಬರ್‌ಲೆಂಡ್ ದ್ವೀಪದ ಒಂದು ಪುಟ್ಟ ಮರದ ಚರ್ಚ್‌ನಲ್ಲಿ ನಡೆಯಿತು. ಹೊರಗೆ ಬರುವಾಗ ಮದುಮಗ ಮದುಮಗಳ ಕೈಗೆ ಮುತ್ತಿಟ್ಟ. ರೆಗ್ಗಿ ತೆಗೆದ ಆ ಚಿತ್ರ ಲೋಕಪ್ರಸಿದ್ಧವಾಯಿತು. ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಮಹೇಶ್ ಶಾಂತಾರಾಮ್ ಭಾರತೀಯ ಮದುವೆಗಳನ್ನೇ ವಸ್ತುವಾಗಿಸಿಕೊಂಡು 'ಮ್ಯಾಟ್ರಿಮೇನಿಯಾ' ಎಂಬ ಚಿತ್ರಸರಣಿ ಮಾಡಿದ್ದಾರೆ.

ಹೀಗೆ ಕಾಯುವವರಿಗೆ ಮೊದಲು ಬೇಕಾದದ್ದು ಆಚರಣೆಯ ತಿಳಿವಳಿಕೆ. ನಿಕಾಹ್‌ನಲ್ಲಿ ಖುತ್ಬಾ ಕೆಲವು ನಿಮಿಷ ಇರುತ್ತದೆ. ಆದರೆ 'ಖಬೂಲ್' ಎಂಬ ಮಾತು ಮುಗಿಯಲು ಕೆಲವೇ ಸೆಕೆಂಡು ಸಾಕು. ಆಗ ಮದುಮಗನ ಮುಖವಷ್ಟೇ ಅಲ್ಲ, ಅವನ ಕೈ ಹಿಡಿದು ಕೂತ ಮಾವನ ಮುಖವನ್ನೂ ನೋಡಬೇಕು. ಧಾರೆಯ ಮದುವೆಯಲ್ಲಿ ನೀರು ಎರೆಯುವ ಗಳಿಗೆಯೂ ಹಾಗೆಯೇ. ತಪ್ಪಿಹೋಯಿತೆಂದು ಮತ್ತೊಮ್ಮೆ ಮಾಡಿಸಿದರೆ ಅದು ನಟನೆ. ತಪ್ಪಿದ್ದನ್ನು ತಪ್ಪಿತೆಂದೇ ಬಿಡುವುದು ಈ ಶೈಲಿಯ ಶಿಸ್ತು.

ಎರಡನೆಯದು ಬೆಳಕು. ಫ್ಲಾಶ್ ಮಿಂಚಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಹಾಗಾಗಿ ಇರುವ ಬೆಳಕಿನಲ್ಲೇ ಕೆಲಸ ನಡೆಯಬೇಕು. ಲೆನ್ಸಿನ ಕಿಂಡಿಯನ್ನು ಎಫ್/2ರಷ್ಟು ಅಗಲಿಸಿ, ಐಎಸ್‌ಒವನ್ನು 3200ರವರೆಗೆ ಏರಿಸಿದರೆ ಹಾಲ್‌ನ ಒಳಗೂ ಚಿತ್ರ ಸಿಗುತ್ತದೆ. ಇಲ್ಲಿ ಭೌತಶಾಸ್ತ್ರದ ಪಾಠವೊಂದಿದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಅದು ತಿಳಿಯದು. ಆದರೆ ಶಟರ್ ಅತಿ ವೇಗವಾಗಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೂಡುತ್ತವೆ. ಶಟರನ್ನು 1/100 ಸೆಕೆಂಡಿಗೆ ಇಟ್ಟರೆ ಒಂದು ಏರಿಳಿತ ಪೂರ್ತಿ ಒಳಗೆ ಬರುವುದರಿಂದ ಪಟ್ಟಿಗಳು ಮಾಯವಾಗುತ್ತವೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಒಪ್ಪಿಗೆ. ಸಾಲಾಗಿ ನಿಲ್ಲಿಸಿ ತೆಗೆದ ಫೋಟೊವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅದರಲ್ಲಿ ಒಂದು ನ್ಯಾಯವಿದೆ: ಎಲ್ಲರಿಗೂ ಫೋಟೊ ತೆಗೆಯುತ್ತಿರುವುದು ಗೊತ್ತಿರುತ್ತದೆ. ಸೆರಗು, ಶಾಲು ಸರಿಮಾಡಿಕೊಂಡು, ತಯಾರಾಗಿ ನಿಂತಿರುತ್ತಾರೆ. ಅರಿವಿಲ್ಲದಾಗ ತೆಗೆದ ಚಿತ್ರಕ್ಕೆ ಆ ಒಪ್ಪಿಗೆ ಇರುವುದಿಲ್ಲ. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ, ಖರ್ಚಿನ ಲೆಕ್ಕ ಹಾಕುತ್ತಾ ಕುಳಿತ ತಂದೆ, ಬಾಯ್ತುಂಬ ಅನ್ನ ತುಂಬಿಕೊಂಡ ಅತಿಥಿ, ಇವೆಲ್ಲ ನಿಜವೇ. ಆದರೆ ನಿಜವಾದದ್ದೆಲ್ಲ ತೋರಿಸಲು ತಕ್ಕದ್ದಲ್ಲ.

ಆದ್ದರಿಂದ ಮಾತುಕತೆ ಮದುವೆಗೆ ಮೊದಲೇ ಆಗಬೇಕು. ಕ್ಯಾಮೆರಾ ಎಲ್ಲಿಗೆ ಬರಬಾರದು? ಯಾರಿಗೆ ಫೋಟೊ ಇಷ್ಟವಿಲ್ಲ? ಮಹಿಳೆಯರ ವಿಭಾಗಕ್ಕೆ ಮಹಿಳಾ ಫೋಟೊಗ್ರಾಫರ್ ಬರಲಿ ಎನ್ನುವ ಮನೆಗಳಿವೆ. ಅಲ್ಲಿ ಕ್ಯಾಮೆರಾವೇ ಬೇಡ ಎನ್ನುವ ಮನೆಗಳೂ ಇವೆ. ಆಲ್ಬಮ್‌ನೊಳಗೇ ಉಳಿಯಬೇಕಾದ ಚಿತ್ರ ಯಾವುದು, ಹೊರಗೆ ಹಂಚಬಹುದಾದದ್ದು ಯಾವುದು ಎಂಬುದೂ ತೀರ್ಮಾನವಾಗಿರಬೇಕು. ಅಳಿಸಿ ಎಂದವರ ಎದುರಿಗೇ ಅಳಿಸಬೇಕು, ವಾದ ಮಾಡಬಾರದು.

ಈ ಮಾತು ಕೂಲಿ ಪಡೆದು ಬರುವವರಿಗಷ್ಟೇ ಅಲ್ಲ. ಇಂದು ಮದುವೆ ಹಾಲ್‌ನಲ್ಲಿ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಯಾರನ್ನೂ ಕೇಳದೆ ತೆಗೆದ ವಿಡಿಯೊ ಊಟ ಮುಗಿಯುವ ಮೊದಲೇ ಸ್ಟೇಟಸ್‌ಗೆ ಏರಿ, ಊರೆಲ್ಲ ಸುತ್ತಿಬಿಡುತ್ತದೆ.

ಕಲಿಯುವ ಆಸೆಯಿದ್ದರೆ ಮುಂದಿನ ಮದುವೆಯಲ್ಲಿ ವೇದಿಕೆ ಬಿಟ್ಟು ಅಡುಗೆಯ ಕಡೆ ಹೋಗಿ. ಅಡುಗೆಯವರ ಅನುಮತಿ ಕೇಳಿ. ಫ್ಲಾಶ್ ಆರಿಸಿ, ಫೋನನ್ನು ಸೈಲೆಂಟ್‌ಗೆ ಹಾಕಿ ಒಂದು ಗಂಟೆ ಅಲ್ಲೇ ಇರಿ. ಬಿರಿಯಾನಿಯ ದಮ್ ತೆರೆಯುವಾಗ ಏಳುವ ಹಬೆ, ಬೆವರು ಒರೆಸುವ ತೋಳು, ಮೊದಲ ತುತ್ತಿನ ರುಚಿ ನೋಡುವ ಮುಖ, ಯಾವುದನ್ನೂ ಮಾಡಿಸಬೇಡಿ. ಇಪ್ಪತ್ತು ಚಿತ್ರ ಸಾಕು. ಮುಗಿದ ಮೇಲೆ ಅವನ್ನು ಮೊದಲು ಅಡುಗೆಯವರಿಗೇ ತೋರಿಸಿ. ಎಷ್ಟೋ ಮದುವೆಗಳಿಗೆ ಊಟ ಬಡಿಸಿಯೂ ಯಾವ ಆಲ್ಬಮ್‌ನಲ್ಲೂ ಕಾಣಿಸಿಕೊಳ್ಳದವರು ಅವರು.