ಗಾಡಿಗೆ ತುಕ್ಕು ನಿರೋಧಕ ಬಳಿಯುವಾಗ ಕೊಟ್ಟಿಗೆಯ ನೆನಪಿರಲಿ



ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕಬ್ಬಿಣದ ಜೊತೆಗೇ ಬೆಳೆದ ಈ ಸೀಮೆಯವರಿಗೆ ತುಕ್ಕು ಹೊಸದಲ್ಲ. ನೀರು, ಗಾಳಿ ಎರಡೂ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಹುಲ್ಲು, ಹಿಂಡಿ, ದನ ಸಾಗಿಸುವ ಗೂಡ್ಸ್ ಗಾಡಿಗೆ ಮಳೆನೀರಿನ ಜೊತೆ ಗಂಜಲದ ಉಪ್ಪೂ ತಾಗುತ್ತದೆ. ಆದ್ದರಿಂದ ಮುಂಗಾರಿಗೆ ಮುಂಚೆ ಗಾಡಿಯ ತಳಭಾಗಕ್ಕೆ ತುಕ್ಕು ನಿರೋಧಕ ಬಳಿಯುವುದು ಒಳ್ಳೆಯ ಅಭ್ಯಾಸ.

ಆದರೆ ಈ ಕೆಲಸ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಅಂಗಳದಲ್ಲೇ ನಡೆಯುತ್ತದೆ. ಗಾಡಿ ಗಂಡಸರ ಕೆಲಸವಾದರೂ ಅಂಗಳದಲ್ಲಿ ಕರು ಬಿಡುವವರು, ಕಟ್ಟುವವರು ನೀವು.

ಕರುವಿಗೆ ಏನು ಅಪಾಯ?

ಹಳೆಯ ಬಣ್ಣಗಳಲ್ಲಿ, ಕೆಲವು ಕಾರ್ಖಾನೆ ಬಣ್ಣಗಳಲ್ಲಿ ಸೀಸ ಇರಬಹುದು. ಕಬ್ಬಿಣಕ್ಕೆ ಬಳಿಯುತ್ತಿದ್ದ ಹಳೆಯ ಕೆಂಪು ಪ್ರೈಮರ್‌ನಲ್ಲಂತೂ ಸೀಸವೇ ಮುಖ್ಯ ವಸ್ತು. ಕರುಗಳಿಗೆ ಕಂಡದ್ದನ್ನೆಲ್ಲ ನೆಕ್ಕುವ ಸ್ವಭಾವ. ಕೆರೆದು ಬಿದ್ದ ಬಣ್ಣದ ಚಕ್ಕೆ, ಒಡೆದ ಹಳೆಯ ಬ್ಯಾಟರಿ, ಬಳಸಿದ ಇಂಜಿನ್ ಆಯಿಲ್, ಇವೆಲ್ಲ ದನಗಳಿಗೆ ಸೀಸದ ವಿಷ ಏರುವ ದಾರಿಗಳು.

ವಿಷ ಏರಿದ ಕರು ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ. ಮೈ ನಡುಗಿ ಸೆಳೆತ ಬರಬಹುದು. ಆಗ ಬಾಯಿಗೆ ಎಣ್ಣೆ, ಕಷಾಯ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಯಿರಿ, ಅಥವಾ 1962ಕ್ಕೆ ಫೋನ್ ಮಾಡಿ. ಹಿಂದಿನ ದಿನಗಳಲ್ಲಿ ಬಣ್ಣದ ಕೆಲಸ ನಡೆದಿದ್ದರೆ ಅದನ್ನು ತಪ್ಪದೆ ಹೇಳಿ. ಚಿಕಿತ್ಸೆ ಇದೆ, ಆದರೆ ತಡವಾದರೆ ಫಲ ಕಡಿಮೆ. ಸೀಸ ಹಾಲಿಗೂ ಇಳಿಯುವುದರಿಂದ ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ.

ಬಳಸಿದ ಆಯಿಲ್ ಬೇಡ

ಪುಕ್ಕಟೆ ಸಿಗುತ್ತದೆಂದು ಗ್ಯಾರೇಜಿನ ಕಪ್ಪು ಆಯಿಲನ್ನು ಚಾಸಿಗೆ ಬಳಿಯುವವರಿದ್ದಾರೆ. ಅದು ಮಳೆಗೆ ತೊಳೆದು ಅಂಗಳದ ಹುಲ್ಲಿಗೆ, ನೀರಿಗೆ ಸೇರುತ್ತದೆ. ಗಾಡಿಯ ರಬ್ಬರ್ ಭಾಗಗಳನ್ನೂ ಕೆಡಿಸುತ್ತದೆ. ಅಂಗಡಿಯಲ್ಲಿ ಸೀಸವಿಲ್ಲದ ಪ್ರೈಮರ್ ಕೇಳಿ, ಡಬ್ಬಿಯ ಮೇಲೆ ಓದಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕಾರ್ಖಾನೆ ಬಣ್ಣಗಳಿಗೆ ಈ ನಿಯಮವಿಲ್ಲ.

ಕೆಲಸ ಹೀಗೆ ನಡೆಯಲಿ

1. ಕೊಟ್ಟಿಗೆ, ಬಾವಿ, ಮೇವಿನ ಬಣವೆಯಿಂದ ದೂರದ ಬಯಲಿನಲ್ಲಿ ಗಾಡಿ ನಿಲ್ಲಿಸಿ. ದನಕರು ಕಟ್ಟಿಹಾಕಿ.

2. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಗಟ್ಟಿ ಸ್ಟ್ಯಾಂಡ್ ಇರಲಿ, ಚಕ್ರಕ್ಕೆ ಅಡ್ಡ ಕೊಡಿ. ಇದು ಆಗದಿದ್ದರೆ ಗ್ಯಾರೇಜೇ ವಾಸಿ.

3. ಸಗಣಿ, ಗಂಜಲ, ಮಣ್ಣು ತೊಳೆದು ಪೂರ್ತಿ ಒಣಗಿಸಿ. ತೇವದ ಮೇಲೆ ಬಳಿದರೆ ಒಳಗೇ ತುಕ್ಕು ಬೆಳೆಯುತ್ತದೆ.

4. ತುಕ್ಕು ಕೆರೆಯುವಾಗ ಕೆಳಗೆ ತಾಡಪಾಲು ಹಾಸಿ. ಕನ್ನಡಕ, ಕೈಗವಸು, ಧೂಳು ತಡೆಯುವ ಮಾಸ್ಕ್ ಇರಲಿ. ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಹತ್ತಿರ ಸುಳಿಯಬಾರದು.

5. ಸೈಲೆನ್ಸರ್, ಬ್ರೇಕ್, ರಬ್ಬರ್ ಪೈಪು, ನೀರು ಹೋಗುವ ತೂತುಗಳಿಗೆ ಬಳಿಯಬೇಡಿ. ಬೀಡಿ, ಬೆಂಕಿ ಹತ್ತಿರ ಬೇಡ. ದಪ್ಪ ಒಂದು ಕೋಟಿಗಿಂತ ತೆಳುವಾದ ಎರಡು ಕೋಟು ಮೇಲು.

6. ದನ ನಿಲ್ಲುವ, ಹುಲ್ಲು ಹೇರುವ ಭಾಗಕ್ಕೆ ಡಾಂಬರಿನಂಥ ಕೋಟಿಂಗ್ ಬೇಡ. ಅಲ್ಲಿ ಬಣ್ಣ ಬಳಿದರೆ ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ದನ ಹತ್ತಿಸಬೇಡಿ.

ಹಾಲಿಗೆ ವಾಸನೆ

ಥಿನ್ನರ್, ಸೀಮೆಎಣ್ಣೆಯ ವಾಸನೆಯನ್ನು ಹಸು ಉಸಿರಾಡಿದರೆ ಅದು ರಕ್ತದ ಮೂಲಕ ಹಾಲಿಗೂ ಬರಬಹುದು. ಡೇರಿಯಲ್ಲಿ ಹಾಲು ವಾಪಸ್ ಬಂದರೆ ನಷ್ಟ ನಿಮ್ಮದೇ. ಬಣ್ಣ ಮುಟ್ಟಿದವರು ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿಯೇ ಕೆಚ್ಚಲು ಮುಟ್ಟಲಿ.

ಕೆರೆದ ಚಕ್ಕೆಗಳನ್ನು ಸುಡಬೇಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಚೀಲಕ್ಕೆ ಕಟ್ಟಿ ದನಕ್ಕೆ ಸಿಗದಂತೆ ಇಟ್ಟು ಪಂಚಾಯಿತಿಯ ಕಸದ ಗಾಡಿಯವರಿಗೆ ತಿಳಿಸಿ ಬೇರೆಯಾಗಿ ಕೊಡಿ. ಖಾಲಿ ಡಬ್ಬಿ ಎಷ್ಟೇ ಗಟ್ಟಿಯಿದ್ದರೂ ಕಲಗಚ್ಚಿಗೆ, ಹಿಂಡಿ ನೆನೆಸಲು ಬಳಸಬೇಡಿ. ತಳಕ್ಕೆ ತೂತು ಹೊಡೆದುಬಿಡಿ.