ವಿಮಾನದಲ್ಲಿ ಸೈಕಲ್ ಟೈರ್ ಸಿಡಿಯುತ್ತದೆಯೇ?

ಪ್ರಶ್ನೆ: ಪಾಮಿರ್ ಹೆದ್ದಾರಿಯಲ್ಲಿ ಸೈಕಲ್ ತುಳಿಯಲು ಓಶ್ ನಗರಕ್ಕೆ ಹಾರಲಿದ್ದೇನೆ. ಟೈರಿನ ಗಾಳಿ ಪೂರ್ತಿ ಬಿಡಬೇಕೇ?

ಉತ್ತರ: ಪೂರ್ತಿ ಬೇಡ. ವಿಮಾನದ ಸಾಮಾನು ಕೋಣೆಯಲ್ಲೂ ಪ್ರಯಾಣಿಕರ ಕಡೆಯಷ್ಟೇ ಗಾಳಿಯ ಒತ್ತಡವಿರುತ್ತದೆ. ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ. ಟೈರಿನ ಮೇಲೆ ಹೆಚ್ಚುವ ಒತ್ತಡ 4 ಪಿಎಸ್‌ಐಗೂ ಕಡಿಮೆ. ನೀವು ಮುಂದೆ ಹತ್ತಲಿರುವ ತಜಕಿಸ್ತಾನದ ಅಕ್-ಬೈತಾಲ್ ಘಾಟಿಯೇ 4,655 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಇನ್ನೂ ತೆಳು, ಆದರೂ ಜನ ಗಟ್ಟಿ ಟೈರಿನಲ್ಲೇ ದಾಟುತ್ತಾರೆ.

ಆದರೂ ಗಾಳಿ ತೆಗೆಯಿರಿ ಎಂದು ಹಲವು ವಿಮಾನ ಕಂಪನಿಗಳು ಕೇಳುತ್ತವೆ. ಅರ್ಧ ಬಿಡಿ ಸಾಕು. ಚಪ್ಪಟೆ ಟೈರಾದರೆ ಪೆಟ್ಟಿಗೆ ಎತ್ತಿ ಹಾಕಿದಾಗ ಏಟು ನೇರ ರಿಮ್ಮಿಗೇ ಬೀಳುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಮುಂದಿನ ಫೋರ್ಕಿಗೆ. ಚಕ್ರ ಬಿಚ್ಚಿದ ಮೇಲೆ ಅದರ ಎರಡು ಕಾಲುಗಳ ನಡುವೆ ಪ್ಲಾಸ್ಟಿಕ್ ಅಡ್ಡಪಟ್ಟಿ ಸಿಕ್ಕಿಸಿ. ಸೈಕಲ್ ಅಂಗಡಿಯಲ್ಲಿ ಕೇಳಿ ನೋಡಿ.