ಗಾಳಿಯ ಹಾದಿ

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಹೆಸರು. ವಾತವೆಂದರೆ ಗಾಳಿ, ಅಯನವೆಂದರೆ ದಾರಿ. ಹೆಸರಿಟ್ಟವರು ನೆನೆದುದು ಹೊರಗಿನ ನೋಟವನ್ನಲ್ಲ, ಗಾಳಿಯನ್ನು. ಈಚೆಗೆ ನಮ್ಮ ಮಗನು ತಾನು ಕಟ್ಟಿಸುತ್ತಿರುವ ಮನೆಯ ನಕ್ಷೆಯನ್ನು ತಂದು ತೋರಿಸಿದಾಗ ಈ ಪದವು ನೆನಪಿಗೆ ಬಂದಿತು. ಅಡಿಗೆಮನೆಯು ಆಗ್ನೇಯದಲ್ಲಿಯೇ ಇದ್ದಿತು. ಆದರೆ ಅದಕ್ಕಿದ್ದುದು ತೆರೆಯಲಾಗದಂತೆ ಕೂರಿಸಿದ ಗಾಜೊಂದು ಮಾತ್ರ. ಒಲೆಯ ದಿಕ್ಕನ್ನು ವಿಚಾರಿಸುವವರು ಹಲವರು. ಹೊಗೆಯ ದಾರಿಯನ್ನು ವಿಚಾರಿಸುವವರು ವಿರಳ.

ನಾವೂ ವಿಚಾರಿಸಿದವರಲ್ಲ. ನಮ್ಮ ಮಾತೃಶ್ರೀಯವರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸೌದೆಯ ಒಲೆಯ ಮುಂದೆ ಕುಳಿತು ಬೇಯಿಸಿದರು. ಮಳೆಗಾಲದ ಹಸಿ ಸೌದೆಯನ್ನು ಊದುಗೊಳವೆಯಿಂದ ಊದಿ ಊದಿ ಅವರ ಕಣ್ಣು ಕೆಂಪಾಗುತ್ತಿದ್ದುದನ್ನು ನಿತ್ಯವೂ ನೋಡಿದೆವು. ನೋಡಿ, ಉಂಡು, ಎದ್ದೆವು. ಸಂಬಳ ತರುವವರಾದ ಮೇಲೆಯೂ ಮಾಡಿನ ಎರಡು ಹೆಂಚು ತೆಗೆಸಿ ಹೊಗೆಗಂಡಿಯನ್ನು ಇಡಿಸಲು ನಮಗೆ ತೋಚಲಿಲ್ಲ. ಮುಪ್ಪಿನಲ್ಲಿ ಅವರಿಗೆ ಬಿಡದ ಕೆಮ್ಮು, ಮೇಲುಸಿರು. 'ಇವರು ಬೀಡಿ ಸೇದುತ್ತಿದ್ದರೆ?' ಎಂದು ವೈದ್ಯರು ಕೇಳಿದಾಗ ನಮಗೆ ಕಡುಕೋಪ ಬಂದಿತು. ಅದು ವೈದ್ಯರ ಮೇಲೆ ಬರತಕ್ಕ ಕೋಪವಲ್ಲವೆಂದು ತಿಳಿಯಲು ಬಹುಕಾಲ ಹಿಡಿಯಿತು. ಮನೆಯೊಳಗಣ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ.

ಹೊಗೆಗೆ ದಾರಿಮಾಡಿಕೊಡುವ ಯತ್ನವು ನಮ್ಮ ನಾಡಿನಲ್ಲಿಯೂ ನಡೆಯದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ಮುಂದೆ ಅದೇ ಹೆಸರಿನ ಒಲೆಯನ್ನು ರೂಪಿಸಿದರು. ಸೌದೆಯು ಜಾಲರಿಯ ಮೇಲೆ ಉರಿಯುವುದು. ಗಾಳಿಯು ಕೆಳಗಿನಿಂದ ಸೇರುವುದು. ಹೊಗೆಯು ಕೊಳವೆಯನ್ನು ಹಿಡಿದು ಮಾಡಿನ ಮೇಲಕ್ಕೆ ಹೋಗುವುದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಮಾತ್ರ ಹೊಗೆಯು ಮರಳಿ ಮನೆಗೇ ಬರುವುದು.

ಈಗ ಗ್ಯಾಸು ಬಂದಿದೆ, ಕಣ್ಣೀರು ನಿಂತಿದೆ. ಅದು ದೊಡ್ಡ ಉಪಕಾರ. ಆದರೆ ಕಾಣುವ ಹೊಗೆಯು ಹೋದುದರಿಂದ ಗಾಳಿಯು ಶುದ್ಧವಾಯಿತೆಂದು ಬಗೆದು ನಾವು ಗೋಡೆಯ ಕಿಂಡಿಗಳನ್ನೆಲ್ಲ ಮುಚ್ಚಿಬಿಟ್ಟೆವು. ಗ್ಯಾಸಿನ ಉರಿಯೂ ನೈಟ್ರೊಜನ್ ಡೈಆಕ್ಸೈಡನ್ನು ಬಿಡುತ್ತದೆ. ಇದಕ್ಕಿಂತ ಭಯಂಕರವಾದುದು ಮುಚ್ಚಿದ ಬಚ್ಚಲಿನೊಳಗಣ ಗ್ಯಾಸಿನ ಗೀಸರು. ಗಾಳಿ ಸಾಲದೆ ಉರಿಯುವಾಗ ಅದರಿಂದ ಹೊರಡುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾದ ಬಿಗಿಯಿಂದ ಹಿಡಿಯುತ್ತದೆ. ಸ್ನಾನಕ್ಕೆಂದು ಬಾಗಿಲು ಹಾಕಿಕೊಂಡವರು ಮತ್ತೆ ಹೊರಗೆ ಬಾರದ ವಾರ್ತೆಯನ್ನು ವಾಚಕರೂ ಪತ್ರಿಕೆಗಳಲ್ಲಿ ಓದಿರಬಹುದು.

ಆದುದರಿಂದ ನಕ್ಷೆಯನ್ನು ತಿದ್ದಬೇಕೆಂದು ಹಟ ಹಿಡಿದೆವು. ಗೀಸರು ಬಚ್ಚಲಿನ ಹೊರಗೆ, ತೆರೆದ ಜಾಗದಲ್ಲಿ. ಅಡಿಗೆಮನೆಗೆ ತೆರೆಯುವ ಕಿಟಕಿ, ಅದರ ಎದುರು ಗೋಡೆಯಲ್ಲಿ ಎರಡು ಕಿಂಡಿಗಳು: ಬಿಸಿಗಾಳಿಯು ಏರುವುದರಿಂದ ಒಂದು ಸೂರಿನ ಬಳಿ, ಸೋರಿದ ಗ್ಯಾಸು ಗಾಳಿಗಿಂತ ಭಾರವಾಗಿ ನೆಲದಲ್ಲಿ ಮಡುಗಟ್ಟುವುದರಿಂದ ಇನ್ನೊಂದು ನೆಲದ ಬಳಿ. ಒಲೆಯ ಮೇಲಣ ಚಿಮಣಿಯ ಕೊಳವೆಯು ಗೋಡೆಯನ್ನು ದಾಟಿ ಹೊರಗೆ ಹೋಗಲೇಬೇಕು. ಕೊಳವೆಯಿಲ್ಲದ ಚಿಮಣಿಯು ಜಿಡ್ಡನ್ನು ಹಿಡಿದೀತು, ಕಾರ್ಬನ್ ಮೋನಾಕ್ಸೈಡನ್ನು ಹಿಡಿಯದು.

'ಸೊಳ್ಳೆ ಬರುತ್ತವೆ, ಅಪ್ಪ' ಎಂದನು ಮಗ. ಸೊಳ್ಳೆಗೆ ಅಂಜಿ ಕಿಟಕಿ ಮುಚ್ಚಿ, ಒಳಗೆ ಸೊಳ್ಳೆಬತ್ತಿ ಹಚ್ಚುವವರನ್ನು ಕಂಡರೆ ನಮಗೆ ನಗೆ ಬರುತ್ತದೆ. ಅಂಥ ಬತ್ತಿಯೊಂದು ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿತು. ಕಿಟಕಿಗೆ ಬಲೆ ಹೊಡೆಸೆಂದೆವು.

ಕಳೆದ ವಾರ ಮೇಸ್ತ್ರಿಯು ಕಿಂಡಿಗಳನ್ನು ಕೊರೆದು ಮುಗಿಸಿದನು. ಸೊಸೆಯು ಊದುಬತ್ತಿಯೊಂದನ್ನು ಹಚ್ಚಿ ಅಡಿಗೆಕಟ್ಟೆಯ ಮೇಲೆ ನಿಲ್ಲಿಸಿದಳು. ಹೊಗೆಯ ಎಳೆಯು ನೆಟ್ಟಗೆ ಎದ್ದು, ಕ್ಷಣಕಾಲ ತೂಗಾಡಿ, ಮೇಲಿನ ಕಿಂಡಿಯತ್ತ ವಾಲಿ ಹೊರಗೆ ಹೋಯಿತು. ಬತ್ತಿ ಆರುವವರೆಗೂ ನಾವು ಅಲ್ಲಿಯೇ ನಿಂತಿದ್ದೆವು.